ನಾವು ಕುಡಿಯುವ ನೀರು ಎಲ್ಲಿಂದ ಬಂತು: ಕೆನಡಾದ ಕನ್ನಡ ಸಂಘಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು ಮತ್ತು ಕಾರ್ಯಕಾರಿ ಸಮಿತಿಯ ಸದಸ್ಯರು,
ಕೆನಡಾದ ಎಲ್ಲ ಕನ್ನಡ ಸಂಘಗಳು

ವಿಷಯ: ಫಸ್ಟ್ ನೇಷನ್ಸ್ ಎಂಬ ಇಲ್ಲಿಯ ಮೂಲನಿವಾಸಿಗಳ ಊರುಗಳ ಕುಡಿಯುವ ನೀರಿನ ಬಗ್ಗೆ ನಮ್ಮ ಸಂಸದರಿಗೆ ಒಟ್ಟಾಗಿ ಬರೆಯೋಣ ಎಂಬ ಮನವಿ

ಮಾನ್ಯರೇ,

ನಮಸ್ಕಾರ. ನಮ್ಮ ಸಂಘಗಳ ಕಾರ್ಯಕ್ರಮದಲ್ಲಿ ಈಗ ಒಂದು ಹೊಸ ಪದ್ಧತಿ ಬಂದಿದೆ. ನಾಡಗೀತೆಗೆ ಮುಂಚೆ ಯಾರಾದರೊಬ್ಬರು ಮೈಕ್ ಹಿಡಿದು, ನಾವು ಸೇರಿರುವ ಈ ನೆಲ ಯಾವ ಮೂಲನಿವಾಸಿಗಳದ್ದು ಎಂದು ಓದುತ್ತಾರೆ. ಹೆಸರುಗಳು ಬಾಯಿಗೆ ಸರಿಯಾಗಿ ಹೊರಳುವುದಿಲ್ಲ, ಆದರೂ ಓದುತ್ತಾರೆ. ಆಮೇಲೆ ದೀಪ ಹಚ್ಚುವುದು, ಮಕ್ಕಳ ಕುಣಿತ, ಬಿಸಿಬೇಳೆ ಭಾತ್. ಓದಿದ್ದನ್ನು ನಾನು ಆಡಿಕೊಳ್ಳುತ್ತಿಲ್ಲ. ಓದಿದ್ದು ಒಳ್ಳೆಯದೇ. ಆದರೆ ಹೀಗೆ ನಾವು ಹೆಸರು ಹಿಡಿದು ನೆನೆಯುವ ಜನರ ಎಷ್ಟೋ ಊರುಗಳಲ್ಲಿ ನಲ್ಲಿ ನೀರು ಕುಡಿಯುವ ಹಾಗಿಲ್ಲ. ಕೆಲವು ಕಡೆ ಇಪ್ಪತ್ತು, ಮೂವತ್ತು ವರ್ಷದಿಂದ ಇದೇ ಸ್ಥಿತಿ. ಅದರ ಬಗ್ಗೆ ನಮ್ಮ ಸಂಘಗಳು ಇದುವರೆಗೆ ಒಂದು ಸಾಲೂ ಬರೆದಂತಿಲ್ಲ. ಅದಕ್ಕೇ ಈ ಪತ್ರ.

ನಾನು ಪಾವಗಡ ಕಡೆಯವನು. ಈಗ ವಿನ್ನಿಪೆಗ್‌ನಲ್ಲಿದ್ದೇನೆ. ನೀರು ಶುದ್ಧ ಮಾಡುವ ಘಟಕದಲ್ಲಿ ಕೆಲಸ. ಪಾವಗಡದ ಬೋರ್‌ವೆಲ್ ನೀರು ಗೊತ್ತಿದ್ದವರಿಗೆ ಜಾಸ್ತಿ ಹೇಳಬೇಕಿಲ್ಲ. ಫ್ಲೋರೈಡ್‌ನಿಂದ ಹಲ್ಲು ಕಂದು ಬಣ್ಣಕ್ಕೆ ತಿರುಗಿದವರು, ನಡುವಯಸ್ಸಿಗೇ ಮಂಡಿ, ಸೊಂಟ ಬಗ್ಗದವರು ನಮ್ಮ ಬೀದಿಗಳಲ್ಲಿ ಕಾಣಸಿಗುತ್ತಿದ್ದರು. ಹಾಗಾಗಿ 'ಕೆಟ್ಟ ನೀರು' ಎಂದರೆ ನನಗೆ ಪೇಪರಿನಲ್ಲಿ ಓದಿದ ವಿಷಯವಲ್ಲ.

ಈ ಮಾತು ಎತ್ತಿದಾಗಲೆಲ್ಲ ನಮ್ಮವರು ಮೊದಲು ಹೇಳುವುದು ಒಂದೇ: "ನೀರು ಕಾಯಿಸಿ ಕುಡಿಯೋದು ಏನು ಮಹಾ? ಬೆಂಗಳೂರಲ್ಲಿ ನಾವೆಲ್ಲ ಅದನ್ನೇ ಮಾಡಿ ಬೆಳೆದವರಲ್ವಾ?" ನಿಜ, ನಮ್ಮ ಮನೆಗಳಲ್ಲೂ ಕಾಯಿಸಿ ಆರಿಸಿ ಸೋಸಿ ಇಟ್ಟ ನೀರೇ ಇರುತ್ತಿತ್ತು. ಆದರೆ ಇಲ್ಲಿ 'ಕುದಿಸಿ ಕುಡಿಯಿರಿ' ಎಂಬ ಎಚ್ಚರಿಕೆ ಬಿತ್ತೆಂದರೆ ಕುಡಿಯುವುದಕ್ಕೆ ಮಾತ್ರವಲ್ಲ, ಹಲ್ಲುಜ್ಜಲು, ತರಕಾರಿ ತೊಳೆಯಲು, ಮಗುವಿನ ಹಾಲಿನಪುಡಿ ಕಲಸಲು ಎಲ್ಲಕ್ಕೂ ಕುದಿಸಿದ ನೀರೇ ಬೇಕು. ಒಂದು ದಿನವಲ್ಲ, ಒಂದು ತಿಂಗಳಲ್ಲ. ಇದು ಮೊದಲ ಮೆಟ್ಟಿಲು ಅಷ್ಟೇ. ಎರಡನೆಯದು 'ಕುಡಿಯಲೇಬೇಡಿ' ಎಂಬ ಎಚ್ಚರಿಕೆ. ನೀರಿನಲ್ಲಿ ಯುರೇನಿಯಂ, ಮ್ಯಾಂಗನೀಸ್‌ನಂಥವು ಮಿತಿ ಮೀರಿದಾಗ ಇದನ್ನು ಹಾಕುತ್ತಾರೆ. ಇಂಥ ನೀರನ್ನು ಕುದಿಸಿ ಪ್ರಯೋಜನವಿಲ್ಲ. ನೀರು ಆವಿಯಾಗುತ್ತದೆ, ವಿಷ ಪಾತ್ರೆಯಲ್ಲೇ ಉಳಿಯುತ್ತದೆ. ನಮ್ಮ ಫ್ಲೋರೈಡ್ ಕಥೆಯೂ ಇದೇ ತಾನೆ? ಮೂರನೆಯದು 'ಬಳಸಲೇಬೇಡಿ'. ಅಂದರೆ ಸ್ನಾನಕ್ಕೂ ಬೇಡ.

ಇದೆಲ್ಲ ನಡೆಯುತ್ತಿರುವುದು ಬಡ ದೇಶದಲ್ಲಲ್ಲ. ಪ್ರಪಂಚದ ಸಿಹಿನೀರಿನಲ್ಲಿ ದೊಡ್ಡ ಪಾಲು ಇರುವ, ನಾವು ವರ್ಷಗಟ್ಟಲೆ ಕಾದು, ಪಾಯಿಂಟ್ಸ್ ಲೆಕ್ಕ ಹಾಕಿ ಬಂದು ಸೇರಿದ ದೇಶದಲ್ಲಿ.

ನಾನಿರುವ ಊರಿನ ಕಥೆಯನ್ನೇ ಹೇಳುತ್ತೇನೆ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು.

ವಿನ್ನಿಪೆಗ್‌ನಲ್ಲಿ ಈಗ ಏಳು ಲಕ್ಷಕ್ಕೂ ಜಾಸ್ತಿ ಜನ ಇದ್ದಾರೆ. ನಮ್ಮ ನಲ್ಲಿಗೆ ಬರುವ ನೀರು ಮ್ಯಾನಿಟೋಬಾ–ಒಂಟಾರಿಯೊ ಗಡಿಯಲ್ಲಿರುವ ಶೋಲ್ ಲೇಕ್ ಎಂಬ ಸರೋವರದ್ದು. ಅಲ್ಲಿಂದ ಊರಿಗೆ ಸುಮಾರು 155 ಕಿಲೋಮೀಟರ್ ಕಾಲುವೆ. 1919ರಲ್ಲಿ ನೀರು ಹರಿಯಿತು. ಪಂಪು ಬೇಕಿಲ್ಲ, ಇಳಿಜಾರಿನಲ್ಲೇ ಹರಿದು ಬರುತ್ತದೆ. ನನ್ನ ವೃತ್ತಿಯ ಕಣ್ಣಿಂದ ನೋಡಿದರೆ ಅದ್ಭುತ ಕೆಲಸ. ನೂರು ವರ್ಷ ದಾಟಿದರೂ ಹರಿಯುತ್ತಲೇ ಇದೆ.

ಆ ಕಾಲುವೆಯ ಬಾಯಿ ಇರುವ ಜಾಗದಲ್ಲಿ ಒಂದು ಊರಿತ್ತು. ಅನಿಶಿನಾಬೆ ಜನರ ಊರು, ಸ್ಮಶಾನವೂ ಅಲ್ಲೇ. ಈಗ ಅದರ ಹೆಸರು ಶೋಲ್ ಲೇಕ್ 40 ಫಸ್ಟ್ ನೇಷನ್. ಕಾಲುವೆಗೆ ಬೇಕೆಂದು ಅವರ ರಿಸರ್ವ್‌ನಿಂದ, ಅಂದರೆ ಅವರಿಗೆಂದು ಸರ್ಕಾರ ಗುರುತಿಸಿಟ್ಟ ನೆಲದಿಂದ, ಸುಮಾರು 3,000 ಎಕರೆ ತೆಗೆದುಕೊಂಡರು. ಜನರನ್ನು ಪಕ್ಕಕ್ಕೆ ತಳ್ಳಿದರು. ಸರೋವರಕ್ಕೆ ಸೇರುವ ಫಾಲ್ಕನ್ ನದಿಯ ನೀರು ಕಡುಕಂದು ಬಣ್ಣದ್ದು, ಜೌಗು ನೆಲದಿಂದ ಬರುವ ನೀರು. ಅದು ನಗರದ ನೀರಿಗೆ ಬೆರೆಯಬಾರದು ಎಂದು ಒಂದು ಒಡ್ಡು ಕಟ್ಟಿ, ಬೇರೆ ಕಾಲುವೆ ತೋಡಿ, ಆ ನೀರನ್ನು ಇನ್ನೊಂದು ಕಡೆಗೆ ತಿರುಗಿಸಿದರು. ಇನ್ನೊಂದು ಕಡೆ ಇದ್ದದ್ದು ಯಾರು? ತಳ್ಳಿಸಿಕೊಂಡ ಆ ಜನವೇ. ತಿಳಿನೀರು ನಮಗೆ, ಕಂದು ನೀರು ಅವರಿಗೆ. ತೋಡಿದ ಕಾಲುವೆಯಿಂದಾಗಿ ಊರು ಮುಖ್ಯ ನೆಲದಿಂದ ಕಡಿದುಹೋಗಿ ದ್ವೀಪವಾಯಿತು.

ಆಮೇಲಿನ ನೂರು ವರ್ಷ ಅವರು ಬೇಸಿಗೆಯಲ್ಲಿ ದೋಣಿ, ಬಾರ್ಜ್‌ನಲ್ಲಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಓಡಾಡಿದರು. ಐಸ್ ಗಟ್ಟಿಯಾಗುವ ಮುಂಚೆ, ಕರಗುವ ಹೊತ್ತಿಗೆ ದಾಟಲು ಹೋಗಿ ಮುಳುಗಿ ಸತ್ತವರಿದ್ದಾರೆ. 1997ರಲ್ಲಿ ಅವರ ಊರಿಗೆ ಕುದಿಸಿ ಕುಡಿಯುವ ಎಚ್ಚರಿಕೆ ಬಿತ್ತು. ನಗರಕ್ಕೆ ಅದೇ ಸರೋವರದಿಂದ ಒಳ್ಳೆಯ ನೀರು, ಸರೋವರದ ದಂಡೆಯ ಮೇಲಿರುವವರಿಗೆ ಕ್ಯಾನ್ ನೀರು. ಶುದ್ಧೀಕರಣ ಘಟಕ ಕಟ್ಟಿಕೊಡಿ ಎಂದರೆ, ರಸ್ತೆ ಇಲ್ಲ, ಸಾಮಾನು ಸಾಗಿಸುವ ಖರ್ಚು ಜಾಸ್ತಿ ಎಂಬ ಉತ್ತರ. ರಸ್ತೆ ಇಲ್ಲದ ಹಾಗೆ ಮಾಡಿದ್ದು ಯಾರು ಎಂದು ಮಾತ್ರ ಕೇಳಬಾರದು.

2014ರಲ್ಲಿ ವಿನ್ನಿಪೆಗ್‌ನಲ್ಲಿ ಕೆನಡಾದ ಮಾನವ ಹಕ್ಕುಗಳ ಮ್ಯೂಸಿಯಂ ತೆರೆಯಿತು. ನಮ್ಮ ಮನೆಗೆ ಊರಿಂದ ಅಪ್ಪ ಅಮ್ಮ ಬಂದರೆ ನಾವೆಲ್ಲ ಕರೆದುಕೊಂಡು ಹೋಗುವ ಜಾಗ. ಒಳಗಿನ ಚೆಂದದ ಕೊಳಗಳಲ್ಲಿ ಇರುವುದು ಇದೇ ಶೋಲ್ ಲೇಕ್ ನೀರು. ಆ ವರ್ಷವೇ ಶೋಲ್ ಲೇಕ್ 40ರ ಜನ ತಮ್ಮ ಊರಿನಲ್ಲಿ ಇನ್ನೊಂದು ಮ್ಯೂಸಿಯಂ ತೆರೆದರು: ಕೆನಡಾದ ಮಾನವ ಹಕ್ಕುಗಳ ಉಲ್ಲಂಘನೆಯ ಮ್ಯೂಸಿಯಂ. ನೋಡಲು ಬಂದವರಿಗೆ ಊರನ್ನೇ ತೋರಿಸಿದರು. ಇದಕ್ಕಿಂತ ಚುರುಕಾದ ಉತ್ತರ ನಾನು ಇನ್ನೆಲ್ಲೂ ಕಂಡಿಲ್ಲ.

ಕೊನೆಗೆ ಕೆಲಸ ಆಯಿತು. 2019ರ ಜೂನ್‌ನಲ್ಲಿ 24 ಕಿಲೋಮೀಟರ್ ರಸ್ತೆ ತೆರೆಯಿತು. ಅದಕ್ಕೆ ಸ್ವಾತಂತ್ರ್ಯದ ರಸ್ತೆ ಎಂದೇ ಹೆಸರು. 2021ರ ಸೆಪ್ಟೆಂಬರ್‌ನಲ್ಲಿ ಸುಮಾರು 3.3 ಕೋಟಿ ಡಾಲರ್ ಖರ್ಚಿನ ಶುದ್ಧೀಕರಣ ಘಟಕ ಶುರುವಾಯಿತು. ಎಚ್ಚರಿಕೆ ತೆಗೆದರು. ಅಂದರೆ ಆಗುತ್ತದೆ. ಮನಸ್ಸು ಮಾಡಿದರೆ ಎರಡೇ ವರ್ಷದಲ್ಲಿ ಆಗುತ್ತದೆ. ಆ ಮನಸ್ಸು ಬರಲು ಇಪ್ಪತ್ತನಾಲ್ಕು ವರ್ಷ ಹಿಡಿಯಿತು. ಅದೂ ಜನ ಬೀದಿಗಿಳಿದ ಮೇಲೆ, ವಿನ್ನಿಪೆಗ್‌ನ ಚರ್ಚುಗಳು, ಸಾಮಾನ್ಯ ಜನ ಜೊತೆ ನಿಂತ ಮೇಲೆ. ಜೊತೆ ನಿಂತವರಲ್ಲಿ ನಮ್ಮ ಸಂಘ ಇರಲಿಲ್ಲ.

ಟೊರೊಂಟೊ, ಮಿಸ್ಸಿಸಾಗ, ವಾಟರ್‌ಲೂ ಕಡೆಯವರು ಇದು ವಿನ್ನಿಪೆಗ್‌ನವರ ಪಾಪ ಎಂದು ಸುಮ್ನೆ ಕೂರುವಂತಿಲ್ಲ. ವಾಟರ್‌ಲೂ, ಕಿಚನರ್‌ನಲ್ಲಿ ಕಂಪನಿ ಕೆಲಸಕ್ಕೆ ಬಂದು ಮನೆ ಕೊಂಡ ಕನ್ನಡಿಗರು ಎಷ್ಟು ಜನ! ಆ ಮನೆಗಳು ನಿಂತಿರುವುದು 1784ರಲ್ಲಿ ಗ್ರ್ಯಾಂಡ್ ನದಿಯ ಎರಡೂ ಕಡೆ ಆರಾರು ಮೈಲಿ ಸಿಕ್ಸ್ ನೇಷನ್ಸ್ ಎಂಬ ಮೂಲನಿವಾಸಿ ಜನರಿಗೆ ಎಂದು ಬ್ರಿಟಿಷರು ಬರೆದುಕೊಟ್ಟ ನೆಲದಲ್ಲಿ. ಅದರಲ್ಲಿ ಈಗ ಅವರ ಕೈಯಲ್ಲಿ ಉಳಿದಿರುವುದು ನೂರಕ್ಕೆ ಐದು ಪಾಲೂ ಇಲ್ಲ. ವಾಟರ್‌ಲೂನಿಂದ ಕಾರಿನಲ್ಲಿ ಒಂದು ಗಂಟೆ ದೂರದ ಆ ರಿಸರ್ವ್‌ನಲ್ಲಿ ಹೊಸ ಘಟಕ ಇದೆ, ಆದರೆ ಬಹುಪಾಲು ಮನೆಗಳಿಗೆ ಪೈಪೇ ಹೋಗಿಲ್ಲ. ಬಾವಿ, ಇಲ್ಲವೇ ಲಾರಿಯಲ್ಲಿ ತಂದು ತುಂಬಿಸುವ ತೊಟ್ಟಿ. ಸರ್ಕಾರದ ಎಚ್ಚರಿಕೆಗಳ ಪಟ್ಟಿಯಲ್ಲಿ ಲೆಕ್ಕಕ್ಕೆ ಬರುವುದು ಸಾರ್ವಜನಿಕ ನೀರಿನ ವ್ಯವಸ್ಥೆಗಳು ಮಾತ್ರ. ಮನೆಯ ಬಾವಿ ಕೆಟ್ಟರೆ ಅದು ಪಟ್ಟಿಗೆ ಬರುವುದಿಲ್ಲ. ಪಟ್ಟಿ ಸೊನ್ನೆಗೆ ಇಳಿದ ದಿನವೂ ಆ ಮನೆಗಳಲ್ಲಿ ಕ್ಯಾನ್ ಇದ್ದೇ ಇರುತ್ತದೆ.

ಇನ್ನು ಉತ್ತರದ ಊರುಗಳು. ಥಂಡರ್ ಬೇಯಿಂದ ಸುಮಾರು 450 ಕಿಲೋಮೀಟರ್ ಉತ್ತರಕ್ಕೆ ನೆಸ್ಕಾಂಟಾಗ ಇದೆ. ವಿಮಾನದಲ್ಲೇ ಹೋಗಬೇಕು. ಅಲ್ಲಿ 1995ರ ಫೆಬ್ರವರಿಯಲ್ಲಿ ಹಾಕಿದ ಎಚ್ಚರಿಕೆ ಮೂವತ್ತು ವರ್ಷ ದಾಟಿತು. ದೇಶದಲ್ಲೇ ಅತಿ ಹಳೆಯದು. ವಿಚಿತ್ರ ಏನೆಂದರೆ ಘಟಕ ಇರಲಿಲ್ಲ ಎಂದಲ್ಲ. 1990ರ ದಶಕದ ಶುರುವಿನಲ್ಲೇ ಕಟ್ಟಿದ್ದರು. ಅದು ಸರಿಯಾಗಿ ಕೆಲಸವನ್ನೇ ಮಾಡಲಿಲ್ಲ. 2020ರ ಅಕ್ಟೋಬರ್‌ನಲ್ಲಿ ನೀರಿನ ತೊಟ್ಟಿಯಲ್ಲಿ ಎಣ್ಣೆಯ ಪದರ ಕಾಣಿಸಿಕೊಂಡಾಗ, ಕೋವಿಡ್ ನಡುವೆಯೇ ಊರಿನವರನ್ನು ಥಂಡರ್ ಬೇ ಹೋಟೆಲಿಗೆ ಸಾಗಿಸಿದರು. ತಿಂಗಳುಗಟ್ಟಲೆ ಅಲ್ಲೇ ಇದ್ದರು.

ಒಂಟಾರಿಯೊದ ಇನ್ನೊಂದು ಫಸ್ಟ್ ನೇಷನ್ ಗ್ರಾಸಿ ನ್ಯಾರೋಸ್‌ದು ಇನ್ನೊಂದು ಬಗೆ. 1962ರಿಂದ 1970ರ ವರೆಗೆ ಡ್ರೈಡನ್ ಊರಿನ ಕಾಗದದ ಕಾರ್ಖಾನೆಯಿಂದ ಸುಮಾರು 9 ಟನ್ ಪಾದರಸ ನದಿಗೆ ಹೋಯಿತು. ಜನರ ಊಟ ಮೀನು, ಪಾದರಸ ಮೀನಿನೊಳಗೆ. ಪಾದರಸದಿಂದ ನರ ಕೆಡುವ, ಜಪಾನಿನ ಮಿನಮಾಟದ ಕಾಯಿಲೆ ಇಲ್ಲೂ ಬಂತು. ಅವರ ಮೊಮ್ಮಕ್ಕಳ ಕೈ ಈಗಲೂ ನಡುಗುತ್ತದೆ.

ಘಟಕ ಕಟ್ಟಿದರೂ ಯಾಕೆ ಕೆಡುತ್ತದೆ? ಇದು ನನ್ನ ಕೆಲಸದ ವಿಷಯ, ಸ್ವಲ್ಪ ಹೇಳಲು ಬಿಡಿ. ಉದ್ಘಾಟನೆಯ ದಿನ ಎಲ್ಲ ಘಟಕವೂ ಚೆನ್ನಾಗಿಯೇ ಇರುತ್ತದೆ. ಎಲೆ, ಜೌಗು, ಪಾಚಿ ಕೊಳೆತು ಬಣ್ಣ ತಿರುಗಿದ ನೀರಿಗೆ ಕ್ಲೋರಿನ್ ಹಾಕಿದರೆ ಸೂಕ್ಷ್ಮಜೀವಿ ಸಾಯುತ್ತದೆ, ಆದರೆ ಕ್ಲೋರಿನ್ ಮತ್ತು ಆ ಕೊಳೆ ಸೇರಿ ಬೇರೆ ಹಾನಿಕರ ರಾಸಾಯನಿಕಗಳಾಗುತ್ತವೆ. ಮೊದಲು ಕೊಳೆ ತೆಗೆಯಬೇಕು, ಆಮೇಲೆ ಕ್ಲೋರಿನ್. ಐಸ್ ಕರಗುವ ಕಾಲದಲ್ಲಿ ನೀರು ದಿನಕ್ಕೊಂದು ಥರ ಇರುತ್ತದೆ. ಬೆಳಗ್ಗೆ ಹಾಕಿದ ಔಷಧಿಯ ಅಳತೆ ಸಂಜೆಗೆ ಸಾಲುವುದಿಲ್ಲ. ಇದನ್ನು ಯಂತ್ರ ಒಂದೇ ನೋಡಿಕೊಳ್ಳುವುದಿಲ್ಲ, ಗೊತ್ತಿರುವ ಮನುಷ್ಯ ಬೇಕು. ನನ್ನ ಘಟಕದಲ್ಲಿ ನಾನು ರಜೆ ಹಾಕಿದರೆ ಇನ್ನೊಬ್ಬರು ಇದ್ದಾರೆ. ಪಂಪು ಕೆಟ್ಟರೆ ಲಾರಿಯಲ್ಲಿ ಬಿಡಿಭಾಗ ಬರುತ್ತದೆ. ತರಬೇತಿಗೆ ಹೋದಾಗ ನನ್ನ ಪಕ್ಕ ಕೂತಿದ್ದ ಉತ್ತರದ ಒಬ್ಬ ಆಪರೇಟರ್‌ಗೆ ಇದು ಯಾವುದೂ ಇರಲಿಲ್ಲ. ಇಡೀ ಊರಿಗೆ ಅವರೊಬ್ಬರೇ. ರಾತ್ರಿ ಅಲಾರಂ ಆದರೂ ಅವರೇ, ಮೈನಸ್ ನಲವತ್ತರಲ್ಲಿ ಪೈಪ್ ಒಡೆದರೂ ಅವರೇ. ದೊಡ್ಡ ಸಾಮಾನು ಬರಬೇಕೆಂದರೆ ಐಸ್ ರಸ್ತೆ ತೆರೆಯುವ ಕೆಲವೇ ವಾರ. ಚಳಿ ಕಡಿಮೆಯಾದ ವರ್ಷ ಆ ವಾರಗಳೂ ಕಡಿಮೆ. ಪಾಠ ಮಾಡುವವರಿಗಿಂತ ಅವರಿಗೇ ಜಾಸ್ತಿ ಗೊತ್ತಿತ್ತು. ಸಂಬಳ ಮಾತ್ರ ನನ್ನದಕ್ಕಿಂತ ಬಹಳ ಕಮ್ಮಿ.

ಇದು ಅವರೊಬ್ಬರ ಕಥೆಯಲ್ಲ. ಕೆನಡಾದ ಮಹಾಲೆಕ್ಕಪರಿಶೋಧಕರು 2021ರ ಫೆಬ್ರವರಿಯಲ್ಲಿ ಕೊಟ್ಟ ವರದಿ ಇದನ್ನೇ ಹೇಳುತ್ತದೆ. ಘಟಕ ನಡೆಸಲು ಕೊಡುವ ಹಣದ ಸೂತ್ರವನ್ನು ಮೂವತ್ತು ವರ್ಷದಿಂದ ಬದಲಿಸಿರಲಿಲ್ಲ. ರಿಸರ್ವ್‌ನ ಆಪರೇಟರ್‌ಗಳ ಸಂಬಳ ಬೇರೆ ಕಡೆಗಿಂತ ಸುಮಾರು 30 ಶೇಕಡಾ ಕಡಿಮೆ ಇತ್ತು. ಬಹಳ ವರ್ಷ ಸರ್ಕಾರ ಆ ಸೂತ್ರದ 80 ಶೇಕಡಾ ಮಾತ್ರ ಕೊಡುತ್ತಿತ್ತು, ಉಳಿದದ್ದನ್ನು ಊರಿನವರು ಹೊಂದಿಸಬೇಕಿತ್ತು. ಪೂರ್ತಿ ಕೊಡುವುದಾಗಿ ಹೇಳಿದ್ದು 2020ರಲ್ಲಿ. ಆಮೇಲೂ ಸಂಸತ್ತಿನ ಬಜೆಟ್ ಅಧಿಕಾರಿ 2021ರ ಡಿಸೆಂಬರ್‌ನಲ್ಲಿ ಲೆಕ್ಕ ಹಾಕಿದಾಗ ಕಟ್ಟುವ ಹಣ ಸಾಕಷ್ಟಿತ್ತು, ನಡೆಸುವ ಹಣದಲ್ಲಿ ವರ್ಷಕ್ಕೆ 13.8 ಕೋಟಿ ಡಾಲರ್ ಕೊರತೆ ಇತ್ತು. ಹೊಸ ಘಟಕಕ್ಕೆ ರಿಬ್ಬನ್ ಕತ್ತರಿಸಬಹುದು, ಫೋಟೊ ಬರುತ್ತದೆ. ಆಪರೇಟರ್ ಸಂಬಳಕ್ಕೆ ಯಾರು ರಿಬ್ಬನ್ ಕತ್ತರಿಸುತ್ತಾರೆ?

ಸರ್ಕಾರ ಏನೂ ಮಾಡಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. 2015ರಲ್ಲಿ ರಿಸರ್ವ್‌ಗಳಲ್ಲಿ 105 ದೀರ್ಘಕಾಲದ ಎಚ್ಚರಿಕೆಗಳಿದ್ದವು. ಒಂದು ವರ್ಷ ದಾಟಿದ ಎಚ್ಚರಿಕೆಗೆ ದೀರ್ಘಕಾಲದ್ದು ಎನ್ನುತ್ತಾರೆ. 2021ರ ಮಾರ್ಚ್ ಒಳಗೆ ಎಲ್ಲವನ್ನೂ ತೆಗೆಯುತ್ತೇವೆ ಎಂದು ಜಸ್ಟಿನ್ ಟ್ರುಡೊ ಸರ್ಕಾರ ಮಾತು ಕೊಟ್ಟಿತು. ನೂರನಲವತ್ತಕ್ಕೂ ಹೆಚ್ಚು ಎಚ್ಚರಿಕೆ ತೆಗೆದದ್ದು ನಿಜ. ಆದರೆ ಹಳೆಯದು ಹೋದಂತೆ ಹೊಸದು ಸೇರಿತು. ಗಡುವು ತಪ್ಪಿತು. 2025ರಲ್ಲೂ 30ಕ್ಕಿಂತ ಜಾಸ್ತಿ ಉಳಿದಿದ್ದವು. ಕೆಲವು ಕಡೆ ತಾತ್ಕಾಲಿಕ ತೇಪೆ ಹಾಕಿ ಎಚ್ಚರಿಕೆ ತೆಗೆದದ್ದನ್ನೂ ಅದೇ ಲೆಕ್ಕಪರಿಶೋಧನೆ ಎತ್ತಿ ತೋರಿಸಿತ್ತು.

ಹಣ ಬಂದದ್ದರ ಹಿಂದೆಯೂ ಕೋರ್ಟು ಇದೆ. ನೆಸ್ಕಾಂಟಾಗ, ಕರ್ವ್ ಲೇಕ್, ಮ್ಯಾನಿಟೋಬಾದ ಟಟಾಸ್ಕ್ವೇಯಾಕ್ ಎಂಬ ಫಸ್ಟ್ ನೇಷನ್‌ಗಳು ಸೇರಿ ಕೇಂದ್ರ ಸರ್ಕಾರದ ಮೇಲೆ ಮೊಕದ್ದಮೆ ಹೂಡಿದವು. 2021ರಲ್ಲಿ ಸುಮಾರು 800 ಕೋಟಿ ಡಾಲರಿನ ಒಪ್ಪಂದವಾಯಿತು. ಅದರಲ್ಲಿ ಕನಿಷ್ಠ 600 ಕೋಟಿ ಒಂಬತ್ತು ವರ್ಷದಲ್ಲಿ ನೀರಿನ ವ್ಯವಸ್ಥೆಗೆ. ಆದರೂ ಮ್ಯಾನಿಟೋಬಾದ ಶಮಾಟವಾ ಹೂಡಿದ ಇನ್ನೊಂದು ಮೊಕದ್ದಮೆಯಲ್ಲಿ, 2024ರ ಅಕ್ಟೋಬರ್‌ನಲ್ಲಿ, ಶುದ್ಧ ನೀರು ಕೊಡುವ ಕಾನೂನಿನ ಹೊಣೆ ನಮಗಿಲ್ಲ ಎಂದು ಸರ್ಕಾರದ ವಕೀಲರು ವಾದಿಸಿದರು. ನೋಡಿ, ವೇದಿಕೆಯ ಮೇಲೆ ಒಂದು ಮಾತು, ಕೋರ್ಟಿನಲ್ಲಿ ಇನ್ನೊಂದು ಮಾತು. ನೀರು ಕೊಡುವುದು ಸರ್ಕಾರದ ಔದಾರ್ಯವೋ, ಕರ್ತವ್ಯವೋ ಎಂಬುದು ಇನ್ನೂ ತೀರ್ಮಾನವಾಗದ ವಿಷಯ ಎಂಬಂತೆ ಅವತ್ತು ನಡೆದುಕೊಂಡರು. 2010ರ ಜುಲೈ 28ರಂದು ವಿಶ್ವಸಂಸ್ಥೆ ನೀರನ್ನು ಮಾನವ ಹಕ್ಕು ಎಂದು ಒಪ್ಪಿದಾಗ ಭಾರತ ಪರವಾಗಿ ಮತ ಹಾಕಿತು. ಕೆನಡಾ ಮತ ಹಾಕದೆ ದೂರ ಉಳಿಯಿತು.

ವಾಕರ್ಟನ್ ನೆನಪಿದೆಯೇ? ಒಂಟಾರಿಯೊದ ಸಣ್ಣ ಊರು. 2000ದ ಮೇ ತಿಂಗಳಲ್ಲಿ ಬಾವಿಗೆ ಸಗಣಿ ನೀರು ಸೇರಿ ಇ-ಕೋಲಿ ಹರಡಿತು. ಏಳು ಜನ ಸತ್ತರು, ಸುಮಾರು 2,300 ಜನ ಕಾಯಿಲೆ ಬಿದ್ದರು. ನ್ಯಾಯಾಂಗ ತನಿಖೆ ಆಯಿತು. 2002ರಲ್ಲಿ ಪ್ರಾಂತ್ಯ ಹೊಸ ಕಾನೂನನ್ನೇ ತಂದಿತು. ಇವತ್ತು ಒಂಟಾರಿಯೊದಲ್ಲಿ ನೀವು ಧೈರ್ಯವಾಗಿ ನಲ್ಲಿಗೆ ಲೋಟ ಹಿಡಿಯುವುದು ಆ ಕಾನೂನಿನಿಂದ. ಆ ಕಾನೂನು ರಿಸರ್ವ್‌ನ ಗಡಿಗೆ ಬಂದು ನಿಂತುಬಿಡುತ್ತದೆ, ಯಾಕೆಂದರೆ ಅದು ಕೇಂದ್ರದ ವ್ಯಾಪ್ತಿ. ಕೇಂದ್ರ 2013ರಲ್ಲಿ ಒಂದು ಕಾನೂನು ತಂದಿತ್ತು. ಅದು ಹೊಣೆ ಹೊರಿಸುತ್ತದೆ, ಹಣ ಕೊಡುವುದಿಲ್ಲ ಎಂದು ಫಸ್ಟ್ ನೇಷನ್ಸ್ ವಿರೋಧಿಸಿದವು. 2022ರಲ್ಲಿ ರದ್ದಾಯಿತು. ಅದರ ಜಾಗಕ್ಕೆ 2023ರ ಡಿಸೆಂಬರ್‌ನಲ್ಲಿ ಸಿ-61 ಎಂಬ ಮಸೂದೆ ಬಂತು. 2025ರ ಜನವರಿಯಲ್ಲಿ ಅಧಿವೇಶನ ಮುಗಿಸಿದಾಗ ಅದೂ ಬಿದ್ದುಹೋಯಿತು. ಆ ವರ್ಷದ ಬೇಸಿಗೆಯಲ್ಲಿ ಒಂಟಾರಿಯೊ ಮತ್ತು ಆಲ್ಬರ್ಟಾದ ಪರಿಸರ ಸಚಿವರು, ಅಂಥ ಮಸೂದೆ ಮತ್ತೆ ತರಬೇಡಿ ಎಂದು ಕೇಂದ್ರಕ್ಕೆ ಬರೆದರು. ಉದ್ಯಮಕ್ಕೆ ತೊಂದರೆ ಎಂಬ ಕಾರಣ. ಟೊರೊಂಟೊ, ಒಟ್ಟಾವಾ, ಕ್ಯಾಲ್ಗರಿ, ಎಡ್ಮಂಟನ್‌ನ ಸಂಘಗಳವರು ಗಮನಿಸಬೇಕು: ಆ ಪತ್ರ ಹೋದದ್ದು ನಿಮ್ಮ ಪ್ರಾಂತ್ಯದ ಹೆಸರಿನಲ್ಲಿ, ಅಂದರೆ ನಿಮ್ಮ ಹೆಸರಿನಲ್ಲೂ.

ನಮ್ಮವರ ಬಾಯಲ್ಲಿ ಕೇಳುವ ಇನ್ನೆರಡು ಮಾತಿಗೆ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ. "ಅಷ್ಟು ಕಷ್ಟ ಇದ್ದರೆ ಊರು ಬಿಟ್ಟು ಬರಬಹುದಲ್ಲ?" ಫ್ಲೋರೈಡ್ ಇದೆ ಎಂದು ಪಾವಗಡ ಖಾಲಿ ಮಾಡಿ ಎಂದು ಯಾರಾದರೂ ಹೇಳಿದರೆ ನಾವು ಸುಮ್ಮನಿರುತ್ತಿದ್ದೆವಾ? ಆ ಜಾಗಗಳಲ್ಲಿ ಅವರನ್ನು ಕೂರಿಸಿದ್ದೇ ಸರ್ಕಾರ, ಒಪ್ಪಂದ ಬರೆದು. ಇನ್ನೊಂದು ಮಾತು, "ಅವರಿಗೆ ಎಲ್ಲ ಪುಕ್ಕಟೆ, ನಮ್ಮ ತೆರಿಗೆ." 1876ರ ಇಂಡಿಯನ್ ಆ್ಯಕ್ಟ್ ಪ್ರಕಾರ ರಿಸರ್ವ್‌ನ ನೆಲ ಸರ್ಕಾರದ ಹೆಸರಿನಲ್ಲಿದೆ. ನಮ್ಮ ನಗರಸಭೆಗಳು ಆಸ್ತಿ ತೆರಿಗೆ ಹಾಕಿ, ಸಾಲ ಎತ್ತಿ ಪೈಪ್ ಹಾಕುವ ಹಾಗೆ ಅವರು ಸುಲಭವಾಗಿ ಮಾಡಲಾಗುವುದಿಲ್ಲ. ಕೈ ಕಟ್ಟಿಹಾಕಿ, ಈಜಲಿಲ್ಲ ಎಂದು ದೂರಿದ ಹಾಗಾಯಿತು. ಅಂದ ಹಾಗೆ, ವಿನ್ನಿಪೆಗ್‌ನಲ್ಲಿ ಕೂತು ಶೋಲ್ ಲೇಕ್ ನೀರು ಕುಡಿಯುತ್ತಾ ಪುಕ್ಕಟೆಯ ಮಾತಾಡುವುದು ನನಗಂತೂ ಕಷ್ಟ.

"ಮೊದಲು ನಾಗರಹೊಳೆಯ ಹಾಡಿಗಳನ್ನು ನೋಡಿ" ಎನ್ನುವವರೂ ಇದ್ದಾರೆ. ನೋಡಲೇಬೇಕು. ಹಾಡಿಗೆ ಕುಡಿಯುವ ನೀರಿನ ಪೈಪ್ ಎಳೆಯಲು ಅರಣ್ಯದ ನೆಲ ಕೊಡಬಹುದು ಎಂದು 2006ರ ಅರಣ್ಯ ಹಕ್ಕು ಕಾಯ್ದೆಯಲ್ಲೇ ಇದೆ. ಅದಕ್ಕೆ ಬೇರೆ ಪತ್ರ ಬರೆಯೋಣ, ಬೆಂಗಳೂರಿಗೆ. ಅಲ್ಲಿಯದನ್ನು ತೋರಿಸಿ ಇಲ್ಲಿಯದರಿಂದ ತಪ್ಪಿಸಿಕೊಳ್ಳುವುದು ಬೇಡ. ನಾವು ಓಟು ಹಾಕುವುದು ಇಲ್ಲಿ. 2021ರ ಜೂನ್‌ನಿಂದ ಪೌರತ್ವದ ಪ್ರಮಾಣವಚನದಲ್ಲಿ ಫಸ್ಟ್ ನೇಷನ್ಸ್, ಇನುಇಟ್, ಮೇಟಿ ಎಂಬ ಮೂರು ಮೂಲನಿವಾಸಿ ಜನರ ಒಪ್ಪಂದದ ಹಕ್ಕುಗಳ ಮಾತೂ ಸೇರಿದೆ. ನಮ್ಮಲ್ಲಿ ಎಷ್ಟೋ ಜನ ಬಲಗೈ ಎತ್ತಿ ಅದನ್ನು ಹೇಳಿಯೇ ಪಾಸ್‌ಪೋರ್ಟ್ ತೆಗೆದುಕೊಂಡಿದ್ದೇವೆ.

2022ರ ಮೇ ತಿಂಗಳಲ್ಲಿ ಶಿರಾ ತಾಲ್ಲೂಕಿನಿಂದ ಬಂದ ಚಂದ್ರ ಆರ್ಯ ಅವರು ಕೆನಡಾದ ಸಂಸತ್ತಿನಲ್ಲಿ ಕನ್ನಡ ಮಾತಾಡಿದಾಗ ನಾವೆಲ್ಲ ಆ ವಿಡಿಯೊವನ್ನು ಎಷ್ಟು ಸಲ ಫಾರ್ವರ್ಡ್ ಮಾಡಿದೆವು! ಹೆಮ್ಮೆ ಪಡುವ ವಿಷಯವೇ. ಆ ಸಭೆಗೆ ನಮ್ಮ ದನಿ ತಲುಪುತ್ತದೆ ಎಂದು ಅವತ್ತು ಗೊತ್ತಾಯಿತಲ್ಲ, ಈಗ ಈ ವಿಷಯಕ್ಕೂ ತಲುಪಿಸೋಣ ಎಂಬುದು ನನ್ನ ಕೋರಿಕೆ.

ಸಂಘಗಳಲ್ಲಿ ನನ್ನ ಮನವಿ ಇಷ್ಟು. ಈ ಸಲದ ರಾಜ್ಯೋತ್ಸವಕ್ಕೆ ಮುಂಚೆ ಎಲ್ಲ ಸಂಘಗಳೂ ಸೇರಿ ಒಂದೇ ಪತ್ರ ಬರೆದು, ಸಹಿ ಹಾಕಿ, ಆಯಾ ಊರಿನ ಸಂಸದರಿಗೂ ಮೂಲನಿವಾಸಿ ಸೇವೆಗಳ ಸಚಿವರಿಗೂ ಕಳಿಸಬೇಕು. ಮಸೂದೆ ಯಾವ ಹೆಸರಿನಲ್ಲಿ ಬಂದರೂ, ಶುದ್ಧ ನೀರು ಕೊಡುವುದು ಕೇಂದ್ರ ಸರ್ಕಾರದ ಕಾನೂನುಬದ್ಧ ಹೊಣೆ ಎಂದು ಅದರಲ್ಲಿ ಸ್ಪಷ್ಟವಾಗಿ ಇರಬೇಕು. 'ಪ್ರಯತ್ನ ಮಾಡುತ್ತೇವೆ' ಎಂಬ ಜಾರುವ ಮಾತು ಬೇಡ. ಘಟಕ ಕಟ್ಟುವ ಹಣದ ಜೊತೆಗೇ ಅದನ್ನು ನಡೆಸುವ ಹಣ, ಹತ್ತಿರದ ನಗರದ ಆಪರೇಟರ್‌ಗೆ ಸಮನಾದ ಸಂಬಳ, ರಜೆ ಹಾಕಿದರೆ ನೋಡಿಕೊಳ್ಳಲು ಎರಡನೆಯ ಆಪರೇಟರ್ ಇರಬೇಕು. ರಿಸರ್ವ್‌ನ ಹೊರಗಿನ ಕಾರ್ಖಾನೆ, ಗಣಿ, ನಗರದ ಕೊಳಚೆ ಅವರ ನೀರಿನ ಮೂಲಕ್ಕೆ ಸೇರದಂತೆ ತಡೆಯುವ ಅಧಿಕಾರ ಅವರಿಗೂ ಇರಬೇಕು. ಡ್ರೈಡನ್‌ನ ಕಾರ್ಖಾನೆ ರಿಸರ್ವ್‌ನ ಒಳಗೇನೂ ಇರಲಿಲ್ಲ. ಮನೆಗಳ ಬಾವಿ, ತೊಟ್ಟಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು ಆ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಇಡಬೇಕು. ಇವೆಲ್ಲ ನನ್ನ ತಲೆಯಿಂದ ಹುಟ್ಟಿದ ಬೇಡಿಕೆಗಳಲ್ಲ. ಫಸ್ಟ್ ನೇಷನ್ಸ್ ನಾಯಕರು ವರ್ಷಗಳಿಂದ ಕೇಳುತ್ತಿರುವುದೇ. ನಾವು ಜೊತೆಗೆ ಸಹಿ ಹಾಕುವುದು ಅಷ್ಟೇ.

ದಯವಿಟ್ಟು ನೀರಿನ ಬಾಟಲಿ ಸಂಗ್ರಹದ ಅಭಿಯಾನ ಮಾತ್ರ ಮಾಡಬೇಡಿ. ತುರ್ತಿಗೆ ಯಾರಾದರೂ ಕೇಳಿದರೆ ಕೊಡೋಣ. ಆದರೆ ಮೂವತ್ತು ವರ್ಷ ಬಾಟಲಿ ಬಂದ ಊರಿಗೆ ನಾವೂ ಒಂದು ಲಾರಿ ಬಾಟಲಿ ಕಳಿಸಿ ಫೋಟೊ ತೆಗೆದುಕೊಂಡರೆ ಯಾರಿಗೆ ಉಪಯೋಗ? ಕೊಡಲೇಬೇಕು ಅನಿಸಿದರೆ, ಮೂಲನಿವಾಸಿ ಯುವಕ ಯುವತಿಯರಿಗೆ ಆಪರೇಟರ್ ತರಬೇತಿ ಕೊಡುವ ವಾಟರ್ ಫಸ್ಟ್‌ನಂಥ ಸಂಸ್ಥೆಗಳಿವೆ. ರಾಜ್ಯೋತ್ಸವದ ಹೂವಿನ ಅಲಂಕಾರದ ಖರ್ಚು ಅಲ್ಲಿಗೆ ಹೋಗಲಿ. ನಮ್ಮಲ್ಲಿ ಸಿವಿಲ್, ಕೆಮಿಕಲ್, ಇನ್‌ಸ್ಟ್ರುಮೆಂಟೇಶನ್ ಎಂಜಿನಿಯರ್‌ಗಳಿಗೆ ಕೊರತೆಯಿಲ್ಲ. ಊರೂರು ತಿರುಗಿ ಆಪರೇಟರ್‌ಗಳ ಜೊತೆ ನಿಂತು ಕಲಿಸುವ ಕೆಲಸವೂ ಇದೆ, ಅದಕ್ಕೆ ಸಂಬಳವೂ ಇದೆ. ಅಂಥ ಕೆಲಸದ ಸುದ್ದಿಯನ್ನು ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಐಟಿ ಕೆಲಸದ ಸುದ್ದಿಯ ಜೊತೆ ಹಂಚೋಣ.

ಇನ್ನು ಕಾರ್ಯಕ್ರಮದ ಶುರುವಿನ ಓದು. ಅದನ್ನು ನಿಲ್ಲಿಸುವುದು ಬೇಡ. ಈ ಸಲದ ರಾಜ್ಯೋತ್ಸವಕ್ಕೆ ಹತ್ತಿರದ ಫಸ್ಟ್ ನೇಷನ್‌ನಿಂದ ಒಬ್ಬರನ್ನು ಕರೆದು, ಅವರ ಪದ್ಧತಿ ಕೇಳಿ ತಿಳಿದುಕೊಂಡು, ಗೌರವಧನ ಕೊಟ್ಟು, ಅವರ ಊರಿನ ನೀರಿನ ಬಗ್ಗೆ ಹತ್ತು ನಿಮಿಷ ಮಾತಾಡಲು ಬಿಡಿ. ಊಟದ ಹೊತ್ತಿಗಲ್ಲ, ಜನ ತುಂಬಿರುವಾಗ. ಅವರು ಬರಲು ಒಪ್ಪದಿದ್ದರೆ ಅದಕ್ಕೂ ಕಾರಣ ಇರುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಪತ್ರದ ಕರಡನ್ನು ಇಂಗ್ಲಿಷಿನಲ್ಲಿ ನಾನು ಬರೆದಿಟ್ಟಿದ್ದೇನೆ. ಮಾಂಟ್ರಿಯಲ್ ಕಡೆಯವರು ಯಾರಾದರೂ ಅದನ್ನು ಫ್ರೆಂಚಿಗೆ ತಂದುಕೊಟ್ಟರೆ ಉಪಕಾರ. ನಿಮ್ಮ ಮುಂದಿನ ಸಮಿತಿ ಸಭೆಯಲ್ಲಿ ಇದನ್ನು ಚರ್ಚೆಗೆ ತೆಗೆದುಕೊಂಡು, ಸಹಿ ಹಾಕುತ್ತೀರೋ ಇಲ್ಲವೋ ಎಂದು ತಿಳಿಸಿ. ಇಲ್ಲ ಎಂದರೆ ಯಾಕೆ ಎಂದೂ ತಿಳಿಸಿ. ಸಂಸತ್ತಿನ ವಿಳಾಸಕ್ಕೆ ಸಂಸದರ ಹೆಸರಿನಲ್ಲಿ ಕಳಿಸುವ ಪತ್ರಕ್ಕೆ ಅಂಚೆ ಚೀಟಿ ಕೂಡ ಹಚ್ಚಬೇಕಿಲ್ಲ.

ಇಂತಿ,
ವಿನ್ನಿಪೆಗ್‌ನಲ್ಲಿರುವ ಒಬ್ಬ ಪಾವಗಡದವನು